ಐನೂರು ಫೀಜು, ಉಳಿದದ್ದು ಪ್ರೀತಿ

ನಮ್ಮ ಕಾಲೋನಿಯಲ್ಲಿ ಮಾರಾಟಕ್ಕಿರುವ ಮನೆ ಹುಡುಕುವುದು ಕಷ್ಟವಲ್ಲ. ಬ್ಯಾಂಕಿನವರ ಕೈಕಾಲು ಹಿಡಿದು ಸಾಲ ಹುಟ್ಟಿಸುವುದೂ ಕಷ್ಟವಲ್ಲ. ಕಷ್ಟ ಇದ್ದದ್ದೆಲ್ಲ ಕೆಂಚಣ್ಣನನ್ನು ದಾಟುವುದರಲ್ಲಿ.

ಆಂಧ್ರದ ಆದೋನಿಯ ಹತ್ತಿ ಮಾರುಕಟ್ಟೆಯ ಹಿಂದೆ ಹಮಾಲರ ಕಾಲೋನಿ ಅಂತ ಕೇಳಿದರೆ ಯಾವ ಆಟೋದವನಾದರೂ ತಂದು ಇಳಿಸುತ್ತಾನೆ. ಮಾರುಕಟ್ಟೆಯಲ್ಲಿ ಹತ್ತಿ ಅಂಡಿಗೆ, ಶೇಂಗಾ ಚೀಲ ಹೊರುತ್ತಿದ್ದ ಒಂದಷ್ಟು ಕುಟುಂಬಗಳು ಬಹಳ ಹಿಂದೆ ಸೇರಿ ಗೃಹ ನಿರ್ಮಾಣ ಸಹಕಾರ ಸಂಘ ಮಾಡಿಕೊಂಡು ಕಟ್ಟಿದ ಮನೆಗಳಿವು. ನೆಲ ಸಂಘದ ಹೆಸರಿನಲ್ಲಿದೆ, ಮೇಲಿನ ಮನೆ ಅವರವರ ಹೆಸರಿನಲ್ಲಿದೆ. ಹಾಗಾಗಿ ಇಲ್ಲಿ ಮನೆ ಕೈ ಬದಲಾಗಬೇಕಾದರೆ ಸಂಘದ ಒಪ್ಪಿಗೆ ಪತ್ರ ಬೇಕೇ ಬೇಕು. ಆ ಪತ್ರಕ್ಕೆ ಸಹಿ ಹಾಕುವವನು ಅಧ್ಯಕ್ಷ. ಅಧ್ಯಕ್ಷ ಅಂದರೆ ಕೆಂಚಣ್ಣ. ಮೊದಲೂ ಅವನೇ, ಈಗಲೂ ಅವನೇ. ಚುನಾವಣೆ ಬಂದಾಗಲೆಲ್ಲ ಅವನೇ ಎಲ್ಲರಿಗೂ ಮಿರ್ಚಿ ಬಜ್ಜಿ, ಚಹಾ ತರಿಸಿ, "ಯಾರರ ನಿಂದ್ರೋರು ಅದೀರೇನಪ್ಪಾ?" ಅಂತ ಕೇಳುತ್ತಾನೆ. ಬಾಯಲ್ಲಿ ಮಿರ್ಚಿ ಇಟ್ಟುಕೊಂಡು ಯಾರು ಎದ್ದು ನಿಲ್ಲುತ್ತಾರೆ?

ನಾನು ಗುರುಪಾದಯ್ಯ, ಕಾಲೋನಿಯವರ ಬಾಯಲ್ಲಿ ಅಯ್ನಾರು. ಕಾಲೋನಿಯ ಬಾಯಿಗೇ ನನ್ನ ಜೆರಾಕ್ಸ್ ಅಂಗಡಿ. ನಾನೂ ಹೊರಗಿನಿಂದ ಬಂದು ಇಲ್ಲಿ ಮನೆ ಕೊಂಡವನೇ. ನನಗೆ ಸಿಟ್ಟು ಬೇಗ, ಮರೆವೂ ಬೇಗ. ಕೆಂಚಣ್ಣನ ಮೇಲೆ ಎಷ್ಟು ಸಲ ಸಿಟ್ಟು ಮಾಡಿಕೊಂಡಿದ್ದೇನೋ ಅಷ್ಟೇ ಸಲ ಅವನ ಮನೆಯಲ್ಲಿ ಕೂತು ಉಪ್ಪಿಟ್ಟು ತಿಂದಿದ್ದೇನೆ. ಅದಕ್ಕೇ ಅವನ ಕಥೆ ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಕೆಂಚಣ್ಣ ಹಮಾಲರ ಮೇಸ್ತ್ರಿಯಾಗಿದ್ದವನು. ಆಳು ಅಷ್ಟೇನೂ ಎತ್ತರವಿಲ್ಲ, ಆದರೆ ಬಾಗಿಲಲ್ಲಿ ನಿಂತರೆ ಬೆಳಕು ಒಳಗೆ ಬರುವುದಿಲ್ಲ. ಹೆಗಲ ಮೇಲೆ ಅಂಡಿಗೆ ಕೂತು ಕೂತು ಕುತ್ತಿಗೆ ಎಂಬುದೇ ಉಳಿದಿಲ್ಲ. ಮಾತಾಡಿದರೆ ಎರಡು ಓಣಿ ಆಚೆಗೆ ಕೇಳುತ್ತದೆ, ಪಿಸುಗುಟ್ಟಿದರೆ ಒಂದು ಓಣಿಗೆ. ಅವನ ಕೈಕೆಳಗಿನ ಹಮಾಲರಲ್ಲಿ ಒಂದು ಪದ್ಧತಿ ಇತ್ತು: ದಿನದ ದುಡಿಮೆ ಯಾರದೇ ಇರಲಿ, ಸಂಜೆ ಒಂದೇ ಟವೆಲ್ಲಿಗೆ ಬಿದ್ದು ಸಮಪಾಲು ಆಗಬೇಕು. ಜ್ವರ ಬಂದು ಮಲಗಿದವನಿಗೂ ಪಾಲು. ಲೆಕ್ಕ ಅಂದರೆ ಅವನಿಗೆ ಅಷ್ಟೇ ಗೊತ್ತು. ಎಲ್ಲರದೂ ಒಂದು ಕಡೆ ಹಾಕಿ, ಆಮೇಲೆ ಎಲ್ಲರೂ ಉಣ್ಣಿ.

ಸಂಘದ ಕಚೇರಿಗೆ ಎರಡು ಕೋಣೆ. ಮುಂದಿನ ಕೋಣೆಯ ಗೋಡೆಯ ಮೇಲೆ ಬೈಲಾದ ಮುಖ್ಯ ನಿಯಮಗಳನ್ನು ತೆಲುಗಿನಲ್ಲಿ ದೊಡ್ಡದಾಗಿ ಬರೆಸಲಾಗಿದೆ. ಮನೆ ವರ್ಗಾವಣೆಗೆ ಸಂಘ ಐನೂರು ರೂಪಾಯಿಗಿಂತ ಹೆಚ್ಚು ಶುಲ್ಕ ತೆಗೆದುಕೊಳ್ಳಬಾರದು, ಕಾಣಿಕೆ, ದೇಣಿಗೆ ಎಂಬ ಹೆಸರಿನಲ್ಲೂ ತೆಗೆದುಕೊಳ್ಳಬಾರದು ಅಂತ ಅಲ್ಲೇ ಇದೆ. ಕೆಂಚಣ್ಣ ಅದನ್ನು ಯಾವತ್ತೂ ಮುಚ್ಚಿಟ್ಟವನಲ್ಲ. ಮನೆ ಕೊಳ್ಳಲು ಬಂದವರನ್ನು ತಾನೇ ಗೋಡೆಯ ಮುಂದೆ ನಿಲ್ಲಿಸಿ ಓದಿಸುತ್ತಿದ್ದ.

"ಓದಿದ್ರೇನು?"

"ಓದಿದೆ."

"ಐನೂರು ಫೀಜು. ಉಳಿದದ್ದು ಪ್ರೀತಿ."

ಪ್ರೀತಿ ಎಷ್ಟು ಎಂಬುದು ಬಂದವರ ಗಾಡಿಯ ಮೇಲೆ ನಿಂತಿತ್ತು. ಸೈಕಲ್ಲಿನಲ್ಲಿ ಬಂದವರ ಮೇಲೆ ಸ್ವಲ್ಪ ಪ್ರೀತಿ, ಬುಲೆಟ್ಟಿನಲ್ಲಿ ಬಂದವರ ಮೇಲೆ ವಿಪರೀತ ಪ್ರೀತಿ. ಎಮ್ಮಿಗನೂರಿನಿಂದ ಕಾರು ಮಾಡಿಕೊಂಡು ಬಂದಿದ್ದ ಸೀರೆ ವ್ಯಾಪಾರಿ ದುರುಗೇಶನ ಮೇಲಂತೂ ಅವನಿಗೆ ಸ್ವಂತ ಮಕ್ಕಳ ಮೇಲೂ ಇಲ್ಲದಷ್ಟು ಪ್ರೀತಿ ಉಕ್ಕಿತು. ನಾನು ಹಳೆಯ ಸ್ಕೂಟರಿನ ಮೇಲೆ ಹೋಗಿದ್ದೆ. ನನ್ನದು ಮಧ್ಯಮ ದರ್ಜೆಯ ಪ್ರೀತಿಯಾಯಿತು. ಕೊಟ್ಟು ಹೊರಗೆ ಬಂದು, ಈ ಮುದುಕನ ಮೇಲೆ ಕೇಸು ಹಾಕಿಯೇ ಸೈ ಅಂತ ಹಲ್ಲು ಕಡಿದೆ. ಮರುವಾರ ನನ್ನ ಗೃಹಪ್ರವೇಶ. ಆವತ್ತು ಬೆಳಗಾಗುವುದರೊಳಗೆ ಸಂಘದ ಹಿಂದಿನ ಕೋಣೆಯ ಬಾಗಿಲು ತೆರೆದುಕೊಂಡಿತು.

ಆ ಕೋಣೆಯಲ್ಲಿ ಇದ್ದದ್ದು ಪಾತ್ರೆ. ಸಾರಿನ ಬೋಗುಣಿಗಳು, ಬಡಿಸುವ ಬಕೆಟ್ಟುಗಳು, ಮೊಣಕೈ ಉದ್ದದ ಸೌಟುಗಳು, ದೊಡ್ಡ ಗ್ಯಾಸ್ ಒಲೆಗಳು, ಚಾಪೆ, ಶಾಮಿಯಾನ. ಇವೆಲ್ಲಕ್ಕೂ ರಾಜ ಅಂದರೆ ತಾಮ್ರದ ಒಂದು ಕೊಪ್ಪರಿಗೆ. ಒಳಗೆ ಕಲಾಯಿ, ಹೊರಗೆ ನಾಲ್ಕು ಬಳೆ. ಎತ್ತಲು ನಾಲ್ಕು ಹಮಾಲರು ಬೇಕು, ಅದೂ ಉಂಡು ಬಂದವರು ಬೇಕು. ಒಂದೇ ಸಲಕ್ಕೆ ಕಾಲೋನಿಯ ಅಷ್ಟೂ ಮಂದಿಗೆ, ಅವರ ಬೀಗರಿಗೆ, ದಾರಿಯಲ್ಲಿ ಹೋಗುವವರಿಗೆ ಅನ್ನ. ವಸೂಲಾದ ಪ್ರೀತಿಯಷ್ಟೂ ಈ ಕೋಣೆಗೆ ಬಂದು ಕೂತಿತ್ತು. ಕೆಂಚಣ್ಣ ಅದರಲ್ಲಿ ಒಂದು ಕಪ್ ಚಹಾ ಕುಡಿದ ಅಂತ ಅವನ ವೈರಿಯೂ ಹೇಳಲಾರ. ಕಾಲೋನಿಯ ಯಾರ ಮನೆಯಲ್ಲಿ ಏನೇ ಆಗಲಿ, ಪಾತ್ರೆ ಬಿಟ್ಟಿ, ಹೊರುವವರು ಬಿಟ್ಟಿ, ಪಕ್ಕದಲ್ಲಿ ನಿಂತು ಬೈಯುವ ಕೆಂಚಣ್ಣನೂ ಬಿಟ್ಟಿ. ನನ್ನ ಗೃಹಪ್ರವೇಶದ ಅನ್ನ ಅವನೇ ಬಸಿದ. ನನ್ನ ಕೇಸು ಅಲ್ಲಿಗೇ ಖುಲಾಸೆಯಾಯಿತು.

ಈ ಪಾತ್ರೆಗಳ ಹುಚ್ಚು ಅವನಿಗೆ ಎಲ್ಲಿಂದ ಬಂತು ಅಂತ ಅವನ ಹೆಂಡತಿ ವೀರಬಸಮ್ಮ ಒಮ್ಮೆ ನನಗೆ ಹೇಳಿದ್ದಳು. ಅವರ ಮದುವೆಗೆ ಪಾತ್ರೆ ಬಾಡಿಗೆಗೆ ತಂದಿದ್ದರಂತೆ. ಮುಂಗಡ ಕಡಿಮೆ ಬಿತ್ತು ಅಂತ ಅಂಗಡಿಯವನ ಆಳುಗಳು ಎರಡನೆಯ ಪಂಕ್ತಿ ಕೂತಿರುವಾಗಲೇ ಬಂದು, ಸಾರನ್ನು ನೆಲಕ್ಕೆ ಚೆಲ್ಲಿ, ಪಾತ್ರೆ ಎತ್ತಿಕೊಂಡು ಹೋದರಂತೆ. "ಬಾಸಿಂಗ ಕಟಿಗೊಂಡು ಕುಂತಿದ್ದ ಮನಿಷ್ಯಾ, ಎದ್ದು ಹೋಗಿ ಅವರ ಕಾಲು ಹಿಡಕೊಂಡ್ರಿ ಅಯ್ನಾರ. ಬಿಡಲಿಲ್ಲ. ನಮ್ಮ ಕಡಿ ಮಂದಿ ಬರೇ ಎಲಿ ಮುಂದ ಕುಂತು ಎದ್ದು ಹೋದ್ರು" ಅಂದಳು. ಬಾಡಿಗೆ ಪಾತ್ರೆಯ ಅನ್ನ ನನ್ನ ಮನೆಯಲ್ಲಿ ಇನ್ನು ಬೇಯುವುದಿಲ್ಲ ಅಂತ ಕೆಂಚಣ್ಣ ಅವತ್ತೇ ಆಣೆ ಮಾಡಿದ್ದ. ಕಾಲೋನಿಯೆಂದರೆ ಒಂದೇ ಒಲೆ ಎಂಬ ಅವನ ಮಾತು ಬಾಯಿಮಾತಲ್ಲ ಅಂತ ನನಗೆ ಆಮೇಲೆ ತಿಳಿಯಿತು.

ಹೀಗೆ ಎಲ್ಲವೂ ಚೆನ್ನಾಗಿ ನಡೆದಿರುವಾಗ ಪೀರಮ್ಮ ಬಂದಳು.

ಪೀರಮ್ಮ ಚಿಪ್ಪಗಿರಿ ಕಡೆಯ ಹಳ್ಳಿಯವಳು, ಬಸ್ ಕಂಡಕ್ಟರು. ಗಂಡ ಲಾರಿ ಡ್ರೈವರು, ತಿಂಗಳಿಗೆ ಎರಡು ಸಲ ಮುಖ ತೋರಿಸುತ್ತಾನೆ. ನಮ್ಮಲ್ಲಿ ಉಚ್ಚೀರಪ್ಪ ಎಂಬವರು ಮಗನ ಊರಿಗೆ ಹೋಗುವುದಕ್ಕೆ ಮಾರಲಿಟ್ಟಿದ್ದ ಮನೆ ಅವಳಿಗೆ ಹಿಡಿಸಿತು. ಸಂಘದ ಪತ್ರಕ್ಕೆ ಅಂತ ಬಂದಳು. ಡ್ಯೂಟಿ ಮುಗಿಸಿ ಖಾಕಿ ಅಂಗಿಯಲ್ಲೇ, ಯಾವ ಗಾಡಿಯೂ ಇಲ್ಲದೆ, ನಡೆದುಕೊಂಡೇ ಬಂದಳು. ಪ್ರೀತಿ ಎಷ್ಟು ಅಂತ ನಿಗದಿ ಮಾಡಲು ಕೆಂಚಣ್ಣನಿಗೆ ಸ್ವಲ್ಪ ತೊಡಕಾಯಿತು. ಕಡೆಗೆ ಸರ್ಕಾರಿ ಸಂಬಳ ಎಂಬುದನ್ನೇ ಗಾಡಿಯ ಲೆಕ್ಕಕ್ಕೆ ಹಿಡಿದು, ಹದಿನೈದು ಸಾವಿರ ಅಂದ. ಅವರ ಮಾತು ನಡೆಯುವಾಗ ನಾನು ಜೆರಾಕ್ಸ್ ಪ್ರತಿ ಕೊಡಲು ಹೋಗಿ ಅಲ್ಲೇ ನಿಂತಿದ್ದೆ.

"ಗೋಡಿ ಮ್ಯಾಲ ಐನೂರು ಅಂತ ಐತಲ್ರಿ?" ಅಂದಳು ಪೀರಮ್ಮ.

"ಅದು ಫೀಜವ್ವ. ಉಳಿದದ್ದು ಪ್ರೀತಿ."

"ನಮ್ಮ ಬಸ್ಸಿನಾಗ ಟಿಕೀಟು ಎಷ್ಟೈತೋ ಅಷ್ಟೇ ತಗೋತೀನ್ರಿ. ಪ್ರೀತಿ ಅಂತ ಹತ್ತು ರೂಪಾಯಿ ಜಾಸ್ತಿ ತಗೊಂಡ್ರ ನನ್ನ ನೌಕರಿ ಹೋಗತೈತಿ."

"ಬಸ್ಸು ಇಳದು ಹೋಗೋರದು ಕಂಡಕ್ಟರಮ್ಮ. ಇದು ಕಾಲೋನಿ. ಇಲ್ಲಿ ಹತ್ತಿದೋರು ಇಳಿಯಂಗಿಲ್ಲ."

"ಹಂಗಾದ್ರ ಪ್ರೀತಿಗೂ ರಸೀದಿ ಕೊಡ್ರಿ."

ಕೆಂಚಣ್ಣನ ಆಯುಷ್ಯದಲ್ಲಿ ಪ್ರೀತಿಗೆ ರಸೀದಿ ಕೇಳಿದವರು ಯಾರೂ ಇರಲಿಲ್ಲ. ನಕ್ಕುಬಿಟ್ಟ. ಪೀರಮ್ಮ ನಗಲಿಲ್ಲ. ಬ್ಯಾಂಕಿನವರು ಪತ್ರ ತಂದರೆ ಮಾತ್ರ ಸಾಲ ಅಂದಿದ್ದರು, ಉಚ್ಚೀರಪ್ಪ ಬೇರೆಯವರಿಗೆ ಕೊಡುತ್ತೇನೆ ಅಂತ ಅವಸರ ಮಾಡುತ್ತಿದ್ದರು. ಆಕೆ ದುಡ್ಡು ಕಟ್ಟಿ, ಪತ್ರ ತೆಗೆದುಕೊಂಡು, "ಇದು ಸರಿ ಇಲ್ರಿ" ಅಂತ ಒಂದೇ ಮಾತು ಹೇಳಿ ಹೋದಳು. ಕೂಗಾಡಲಿಲ್ಲ. ಕೂಗಾಡುವವರನ್ನು ನಂಬಬಹುದು, ಹೀಗೆ ಮೆತ್ತಗೆ ಹೇಳಿ ಹೋಗುವವರನ್ನು ಕಂಡರೆ ನನಗೆ ಭಯ.

ನನ್ನ ಭಯ ಸುಳ್ಳಾಗಲಿಲ್ಲ. ಆಕೆ ಸಹಕಾರ ಇಲಾಖೆಗೆ ದೂರು ಕೊಟ್ಟಳು. ಒಂದು ದಿನ ಇಲಾಖೆಯಿಂದ ಶ್ರಾವಣಿ ಎಂಬ ಅಧಿಕಾರಿ ಬಂದರು. ವಯಸ್ಸಿನಲ್ಲಿ ಸಣ್ಣವರು, ಮಾತು ಮೆದು, ಗೋಡೆಯನ್ನು ಪೂರ್ತಿ ಓದಿದರು. ಕೆಂಚಣ್ಣ ತನ್ನ ಹಳೆಯ ಪಾಠವನ್ನೇ ಅರ್ಧ ತೆಲುಗಿನಲ್ಲಿ ಶುರು ಮಾಡಿದ.

"ಐನೂರು ಫೀಜು ಮೇಡಂ. ಮಿಗಿಲಿಂದಿ ಪ್ರೇಮ."

"ಪ್ರೇಮ ಬೈಲಾಲೋ ಲೇದು ಕೆಂಚಣ್ಣಗಾರೂ" ಅಂದರು ಅವರು. ಬೈಲಾದಲ್ಲಿ ಇಲ್ಲದ್ದನ್ನು ವಸೂಲು ಮಾಡುವಂತಿಲ್ಲ, ಪೀರಮ್ಮನಿಂದ ಮಾತ್ರವಲ್ಲ, ಯಾರ್ಯಾರಿಂದ ಹೆಚ್ಚಿಗೆ ತೆಗೆದುಕೊಂಡಿದ್ದೀರೋ ಅವರೆಲ್ಲರಿಗೂ ಮರಳಿಸಿ ಬರೆಸಿಕೊಳ್ಳಿ, ಇಲ್ಲವಾದರೆ ಸಂಘದ ಮೇಲೆ ಕ್ರಮ ಅಂತ ಹೇಳಿದರು.

ಮರಳಿಸುವುದು ಎಲ್ಲಿಂದ? ಕೆಂಚಣ್ಣ ಹಿಂದಿನ ಕೋಣೆಯ ಬಾಗಿಲು ತೆರೆದು ತೋರಿಸಿದ. ಶ್ರಾವಣಿ ಒಳಗೆ ಇಣುಕಿ ನೋಡಿದರು. ಆಮೇಲೆ, ಕೊಟ್ಟವರು ತಮಗೆ ಬರಬೇಕಾದ್ದು ಬಂತು ಅಂತ ಒಪ್ಪಿ ಬರೆದುಕೊಟ್ಟರೆ ತನಗೆ ಅಷ್ಟೇ ಸಾಕು, ಅದು ಯಾವ ರೂಪದಲ್ಲಿ ಬಂತು ಎಂಬುದು ನಿಮ್ಮ ನಿಮ್ಮ ಒಪ್ಪಂದ ಅಂದರು. ಒಳ್ಳೆಯ ಹೆಣ್ಣುಮಗಳು.

ಪಾತ್ರೆಗಳನ್ನು ಮಾರಿಬಿಡೋಣ ಅಂತ ಯಾರೋ ಗುಜರಿಯವನನ್ನು ಕರೆತಂದರು. ಅವನು ಕೊಪ್ಪರಿಗೆಯನ್ನು ಬೆರಳಿನಿಂದ ತಟ್ಟಿ, ಕೇಜಿಗೆ ಇಷ್ಟು ಅಂದ. ಕೆಂಚಣ್ಣ ಅವನನ್ನು ತಕ್ಕಡಿಯ ಸಮೇತ ಬೀದಿಯ ಕೊನೆಯವರೆಗೆ ಅಟ್ಟಿಸಿಕೊಂಡು ಹೋದ. ವಾಪಸು ಬಂದು, ಸುಧಾರಿಸಿಕೊಂಡು, ಹಮಾಲ ಮೇಸ್ತ್ರಿಗೆ ಮಾತ್ರ ಹೊಳೆಯಬಹುದಾದ ಉಪಾಯ ಹೇಳಿದ.

"ಪಾಲು ಹಾಕೋಣ."

ಮಾರುಕಟ್ಟೆಯ ನೆಲದ ಮೇಲೆ ಚೆಲ್ಲಿದ ಶೇಂಗಾ ಗುಡಿಸಿ ಹಮಾಲರು ಪಾಲು ಹಾಕಿಕೊಳ್ಳುವ ಕ್ರಮ ಒಂದಿದೆ. ಎಷ್ಟು ಜನರೋ ಅಷ್ಟು ರಾಶಿ ಮಾಡುತ್ತಾರೆ. ಒಬ್ಬ ರಾಶಿಗಳಿಗೆ ಬೆನ್ನು ಮಾಡಿ ನಿಲ್ಲುತ್ತಾನೆ. ಇನ್ನೊಬ್ಬ ಒಂದು ರಾಶಿ ಮುಟ್ಟಿ, "ಇದು ಯಾರದು?" ಅನ್ನುತ್ತಾನೆ. ಬೆನ್ನು ಮಾಡಿದವನ ಬಾಯಿಗೆ ಯಾವ ಹೆಸರು ಬರುತ್ತದೋ ರಾಶಿ ಅವನದು. ಯಾರೂ ತಕರಾರು ಮಾಡುವಂತಿಲ್ಲ. ಶೇಂಗಾಕ್ಕೆ ಇದು ಬಹಳ ಚೆಂದದ ಪದ್ಧತಿ. ಒಂದು ರಾಶಿಗೂ ಇನ್ನೊಂದು ರಾಶಿಗೂ ವ್ಯತ್ಯಾಸವಿಲ್ಲ. ಪಾತ್ರೆಗೆ ಹೇಗೆ ಹೊಂದುತ್ತದೆ ಅಂತ ಕೇಳಬೇಕೆಂದು ನನ್ನ ನಾಲಗೆಯ ತುದಿಗೆ ಬಂತು. ಆದರೆ ಕೆಂಚಣ್ಣನ ಮುಖ ನೋಡಿ ನುಂಗಿಕೊಂಡೆ. ಅವನು ಅವತ್ತು ಬೆಳಗಿನಿಂದ ಏನೂ ತಿಂದಿರಲಿಲ್ಲ.

ಹೆಚ್ಚಿಗೆ ಕೊಟ್ಟಿದ್ದವರು ಹೊಸದಾಗಿ ಮನೆ ಕೊಂಡ ನಾವು ಹತ್ತಾರು ಮಂದಿ ಮಾತ್ರ. ಹಳೆಯ ಹಮಾಲ ಕುಟುಂಬಗಳು ಏನೂ ಕೊಟ್ಟಿರಲಿಲ್ಲ, ಹಾಗಾಗಿ ಅವರಿಗೆ ಪಾಲಿಲ್ಲ. ಕಚೇರಿಯ ಮುಂದೆ ಪಾತ್ರೆಗಳ ರಾಶಿ ಬಿತ್ತು. ದೊಡ್ಡದು ದೊಡ್ಡದರ ಜೊತೆ, ಸಣ್ಣದು ಸಣ್ಣದರ ಜೊತೆ ಅಂತ ಜೋಡಿಸಿದ್ದರಿಂದ ಸೌಟೆಲ್ಲ ಒಂದು ಕಡೆ, ಬಕೆಟ್ಟೆಲ್ಲ ಒಂದು ಕಡೆ ಆಯಿತು. ಹಳೆಯ ಹಮಾಲ ಮರಿಬಸಪ್ಪ ಬೆನ್ನು ಮಾಡಿ ನಿಂತ. ಕೆಂಚಣ್ಣನೇ ರಾಶಿ ಮುಟ್ಟುತ್ತ ಹೋದ.

"ಇದು ಯಾರದು?"

"ದುರುಗೇಶಂದು!"

ದುರುಗೇಶನಿಗೆ ಅಷ್ಟೂ ಸೌಟು ಬಂದವು. ಬಡಿಸುವುದಕ್ಕೆ ಏನೂ ಇಲ್ಲ.

"ಇದು ಯಾರದು?"

"ಜೆರಾಕ್ಸ್ ಅಯ್ನಾರದು!"

ನನ್ನ ಪಾಲಿಗೆ ಬಂದದ್ದು ಮುಚ್ಚಳಗಳು. ಬೋಗುಣಿಯ ಮುಚ್ಚಳ, ಬಕೆಟ್ಟಿನ ಮುಚ್ಚಳ, ಎತ್ತಿನ ಗಾಡಿಯ ಗಾಲಿಯಷ್ಟಗಲದ ಕೊಪ್ಪರಿಗೆಯ ಮುಚ್ಚಳ. ಕೆಳಗೆ ಇಡಲು ಒಂದು ಪಾತ್ರೆಯಿಲ್ಲ. ನನ್ನ ಹೆಂಡತಿ ಅವತ್ತು ನಕ್ಕಷ್ಟು ನಮ್ಮ ಮದುವೆಯಾದ ಮೇಲೆ ಯಾವತ್ತೂ ನಕ್ಕಿರಲಿಲ್ಲ. ಒಲೆ ಸಿಕ್ಕವನಿಗೆ ಬೋಗುಣಿಯಿಲ್ಲ, ಶಾಮಿಯಾನ ಸಿಕ್ಕವನಿಗೆ ಕಂಬವಿಲ್ಲ. ಜನ ನಗಲು ಶುರುಮಾಡಿದರು. ಕಡೆಗೆ ಕೆಂಚಣ್ಣನ ಕೈ ಕೊಪ್ಪರಿಗೆಯ ಮೇಲೆ ಬಂತು. ಅಲ್ಲಿ ಅದು ಸ್ವಲ್ಪ ಹೊತ್ತು ನಿಂತಿತು.

"ಇದು ಯಾರದು?"

ಮರಿಬಸಪ್ಪನಿಗೆ ಹಿಂದೆ ಏನಿದೆ ಅಂತ ಗೊತ್ತಿಲ್ಲ. ಉಳಿದ ಹೆಸರುಗಳಲ್ಲಿ ಬಾಯಿಗೆ ಬಂದದ್ದನ್ನು ಅಂದ.

"ಕಂಡಕ್ಟರಮ್ಮಂದು!"

ನಗೆ ನಿಂತುಹೋಯಿತು. ಪೀರಮ್ಮ ಹಿಂದೆ ಒಂದು ಗೋಡೆಯ ಪಕ್ಕ ನಿಂತಿದ್ದಳು. ಯಾರೂ ಆಕೆಗೆ ಮುಂದೆ ಬಾ ಅಂದಿರಲಿಲ್ಲ. "ಬ್ಯಾಡಾದ್ರ ರೊಕ್ಕಾನ ಕೇಳವ್ವ, ನಿನ್ನ ಹಕ್ಕೈತಲ್ಲ" ಅಂತ ಯಾರೋ ಚುಚ್ಚಿದರು. "ಎಲ್ಲರಿಗೂ ಹೆಂಗ ಬಂತೋ ನನಗೂ ಹಂಗ ಬಂದೈತಿ. ಇರಲಿ" ಅಂದಳು. ನಾಲ್ಕು ಜನ ಹೊತ್ತುಕೊಂಡು ಹೋಗಿ ಆಕೆಯ ಅಂಗಳದಲ್ಲಿ ಇಟ್ಟು ಬಂದರು. ಕೆಂಚಣ್ಣ ಖಾಲಿ ಕೋಣೆಯ ಬಾಗಿಲು ಹಾಕಿಕೊಂಡು ಮನೆಗೆ ಹೋದ, ಅವನ ಹಿಂದೆ ಹೋಗುವ ಧೈರ್ಯ ನನಗೆ ಆಗಲಿಲ್ಲ.

ಆಮೇಲಿನ ದಿನಗಳು ನೋಡುವಂತಿದ್ದವು. ಹಳೆಯ ಹಮಾಲರ ಮನೆಯಲ್ಲಿ ಒಂದು ತೊಟ್ಟಿಲು ಕಾರ್ಯವಾದರೂ ಹೊಸಬರ ಮನೆಮನೆ ತಿರುಗಬೇಕು. ಸೌಟಿಗೆ ದುರುಗೇಶನ ಹತ್ತಿರ, ಮುಚ್ಚಳಕ್ಕೆ ನನ್ನ ಹತ್ತಿರ. ಪಾತ್ರೆ ಕೇಳಿದ ಮೇಲೆ ಊಟಕ್ಕೆ ಕರೆಯದೆ ಇರಲಾಗುತ್ತದೆಯೇ? ಮುಚ್ಚಳದ ದೆಸೆಯಿಂದ ನಾನು ಆ ವರ್ಷ ಉಂಡಷ್ಟು ಹೋಳಿಗೆ ಯಾವ ವರ್ಷವೂ ಉಂಡಿಲ್ಲ. ಮೊದಲು ನಮಸ್ಕಾರ ಅಂದರೆ ತಲೆ ಆಡಿಸುತ್ತಿದ್ದವರೆಲ್ಲ ಈಗ ಒಳಗೆ ಕರೆದು ಕೂರಿಸತೊಡಗಿದರು. ಕೆಂಚಣ್ಣನೂ ಹೊಸದಾಗಿ ಬಂದ ಒಬ್ಬರಿಂದ ಐನೂರೇ ತೆಗೆದುಕೊಂಡು, ರಸೀದಿ ಕೊಟ್ಟು, ರಸೀದಿ ಕೊಟ್ಟ ಕೈಯನ್ನು ಒಂದು ಗಳಿಗೆ ನೋಡಿಕೊಂಡ.

ಒಂದೇ ಮನೆಗೆ ಯಾರೂ ಹೋಗಲಿಲ್ಲ. ಪೀರಮ್ಮನ ಮನೆಗೆ. ಕೊಪ್ಪರಿಗೆ ಬೇಡವೇ ಬೇಡ ಅಂತ ಸಣ್ಣ ಬೋಗುಣಿಗಳಲ್ಲಿ ನಾಲ್ಕು ಸಲ ಅನ್ನ ಮಾಡಿದರು, ಇನ್ನೂ ಕೆಲವರು ಪೇಟೆಯಿಂದ ಬಾಡಿಗೆಗೆ ತಂದರು. ಆಕೆ ಬೆಳಗ್ಗೆ ಹೊರಟಾಗ ಕಟ್ಟೆಯ ಮೇಲಿನ ಹೆಂಗಸರು ಮಾತು ನಿಲ್ಲಿಸುತ್ತಿದ್ದರು, ಸಂಜೆ ಬಂದಾಗ ಮತ್ತೆ ನಿಲ್ಲಿಸುತ್ತಿದ್ದರು. ಸರ್ಕಾರ ಹೆಂಗಸರಿಗೆ ಬಸ್ಸು ಬಿಟ್ಟಿ ಮಾಡಿದ ಮೇಲೆ ಈ ಹೆಂಗಸರೇ ವಾರಕ್ಕೊಮ್ಮೆ ಆಕೆಯ ಬಸ್ಸನ್ನೇ ಹತ್ತಿ ಎಮ್ಮಿಗನೂರಿನ ಸಂತೆಗೆ ಹೋಗಿಬರುತ್ತಿದ್ದರು. ಬಸ್ಸಿನೊಳಗೆ ಆಕೆ ಸೊನ್ನೆ ಟಿಕೆಟ್ಟು ಹರಿದುಕೊಟ್ಟರೆ ಕಿಟಕಿಯ ಹೊರಗೆ ನೋಡುತ್ತ ತೆಗೆದುಕೊಳ್ಳುತ್ತಿದ್ದರಂತೆ. ನನಗೆ ಇದು ಸರಿ ಕಾಣಲಿಲ್ಲ. ಆಕೆಯಿಂದಲೇ ಅಲ್ಲವೇ ನಮಗೆಲ್ಲ ಹೋಳಿಗೆ? ಹಾಗಂತ ಕೆಂಚಣ್ಣನಿಗೆ ಒಮ್ಮೆ ಅಂದೆ. ಅವನು ನನ್ನನ್ನು ಬೈದು, ಆಮೇಲೆ ಉಪ್ಪಿಟ್ಟು ಕೊಟ್ಟ.

ಅಷ್ಟರಲ್ಲಿ ಕೆಂಚಣ್ಣನ ಮಗಳು ಭವಾನಿ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಕುಬಸ, ಅಂದರೆ ಸೀಮಂತ, ಮಾಡಬೇಕು. ಬೀಗರು ಉರುಕುಂದದ ಕಡೆಯವರು, ದೊಡ್ಡ ಬಳಗ, ಎರಡು ಟೆಂಪೋ ತುಂಬಿಕೊಂಡು ಬರುವವರು. ಕುಬಸದ ಊಟಕ್ಕೆ ಕೊಪ್ಪರಿಗೆ ಇಲ್ಲದೆ ಆಗುವುದಿಲ್ಲ. ಕೆಂಚಣ್ಣನ ಮುಂದೆ ಎರಡೇ ದಾರಿ. ಮದುವೆಯ ದಿನದ ಆಣೆ ಮುರಿದು ಬಾಡಿಗೆ ಪಾತ್ರೆ ತರಬೇಕು, ಇಲ್ಲವೇ ತನ್ನ ಒಲೆಯನ್ನು ಒಡೆದವಳು ಅಂತ ಅವನು ನಂಬಿಕೊಂಡಿದ್ದವಳ ಬಾಗಿಲಿಗೆ ಹೋಗಬೇಕು. ವಾರ ಪೂರ್ತಿ ಅವನ ದನಿ ಪಕ್ಕದ ಓಣಿಗೂ ಕೇಳಲಿಲ್ಲ. ಇಡೀ ಓಣಿಗೆ ಕರೆದು ಬಂದ ವೀರಬಸಮ್ಮ ಆ ಒಂದು ಮನೆಗೂ ಕುಂಕುಮ ಕೊಟ್ಟು ಬರುತ್ತೇನೆ ಅಂದಾಗ, ಬೇಡ ಅಂತ ತಡೆದಿದ್ದ.

ಕುಬಸಕ್ಕೆ ಎರಡು ದಿನ ಇದೆ ಅನ್ನುವಾಗ ನನ್ನ ಅಂಗಡಿಗೆ ಬಂದ.

"ಅಯ್ನಾರ, ಮುಚ್ಚಳ ತಗೊರಿ."

"ಯಾವುದು?"

"ದೊಡ್ಡದು. ಬರ್ರಿ ನನ್ನ ಜೋಡಿ. ಒಬ್ಬವನ ಹೋಗಾಕ ಕಾಲು ಬರವಲ್ದು."

ಗಾಲಿಯಷ್ಟು ಅಗಲದ ಮುಚ್ಚಳ ಹೊತ್ತುಕೊಂಡು ನಾನು ಹಿಂದೆ, ಬರಿಗೈಯಲ್ಲಿ ಕೆಂಚಣ್ಣ ಮುಂದೆ. ಕಟ್ಟೆಯ ಮೇಲೆ ಮತ್ತೆ ಮಾತು ನಿಂತಿತು.

ಪೀರಮ್ಮ ಅಂಗಳದಲ್ಲೇ ಇದ್ದಳು. ಕೊಪ್ಪರಿಗೆಗೆ ನಲ್ಲಿಯಿಂದ ಪೈಪು ಬಿಟ್ಟು ನೀರು ತುಂಬಿಸಿದ್ದಳು. ನಮ್ಮ ಕಡೆ ನಲ್ಲಿ ನೀರು ದಿನ ಬಿಟ್ಟು ದಿನ, ಬೇಸಿಗೆಯಲ್ಲಿ ಅದೂ ಅನುಮಾನ. ಹುಣಸೆ ಹಾಕಿ ತಿಕ್ಕಿದ ತಾಮ್ರ ಫಳಫಳ ಅನ್ನುತ್ತಿತ್ತು. ಸಂಘದ ಕೋಣೆಯಲ್ಲಿ ಇದ್ದಾಗ ಅದು ಯಾವತ್ತೂ ಇಷ್ಟು ಹೊಳೆದಿರಲಿಲ್ಲ.

"ಬರ್ರಿ ಕೆಂಚಣ್ಣ. ಕುಂದರ್ರಿ. ಅಯ್ನಾರ, ಅದನ್ನ ಇಳಸ್ರಿ ಮೊದಲ."

ಕೆಂಚಣ್ಣ ಕೂರಲಿಲ್ಲ. ಗೋಡೆಗೆ ಹೇಳುವವನ ಹಾಗೆ ಹೇಳಿದ. "ನನ್ನ ಮಗಳ ಕುಬಸ ಐತಿ, ಐತಾರ. ಕೊಪ್ಪರಗಿ ಬೇಕಾಗೈತಿ. ಬಾಡಗಿ ಎಷ್ಟಂತ ಹೇಳ್ರಿ, ಕೊಡತೀನಿ."

ಬಾಡಿಗೆ ಎಂಬ ಶಬ್ದ ಅವನ ಬಾಯಿಂದ ಬಂದದ್ದನ್ನು ಕೇಳಿ, ಮುಚ್ಚಳ ಇಳಿಸುತ್ತಿದ್ದ ನಾನು ತಲೆ ಎತ್ತಿ ಅವನನ್ನೇ ನೋಡಿದೆ.

"ಬಾಡಗಿ ಏನೂ ಬ್ಯಾಡ್ರಿ. ತಗೊಂಡ್ ಹೋಗ್ರಿ" ಅಂದಳು ಪೀರಮ್ಮ. ಎದ್ದು ಚೊಂಬು ತೆಗೆದುಕೊಂಡು, ತುಂಬಿಸಿಟ್ಟ ನೀರನ್ನು ಕೊಡಗಳಿಗೆ, ಬಕೆಟ್ಟಿಗೆ, ಅಡುಗೆಮನೆಯ ಸಣ್ಣ ಪುಟ್ಟ ಪಾತ್ರೆಗಳಿಗೆಲ್ಲ ಮೊಗೆದು ಹಾಕತೊಡಗಿದಳು. ನಾವಿಬ್ಬರೂ ನೋಡುತ್ತ ನಿಂತೆವು. ಇದ್ದಬದ್ದ ಪಾತ್ರೆಯೆಲ್ಲ ತುಂಬಿದರೂ ನೀರು ಇನ್ನೂ ಅರ್ಧ ಇತ್ತು. ಆಗ ಆಕೆಯ ಕೈ ನಿಂತಿತು.

"ಕೆಂಚಣ್ಣ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಕೊಪ್ಪರಗಿ ಕರಿಯಾಕ ಬಂದೀರಿ. ನನ್ನ ಕರಿಯಾಕ ಬಂದಿಲ್ಲ."

ಆಕೆ ಕೊಪ್ಪರಿಗೆಯ ಅಂಚಿಗೆ ಕೈ ಇಟ್ಟುಕೊಂಡು ಮುಂದುವರಿಸಿದಳು.

"ಬಸ್ಸಿನಾಗ ದಿನಾ ನೂರು ಮಂದಿ ಅಕ್ಕಾ ಅಂತಾರ, ಅವ್ವಾ ಅಂತಾರ. ಮನಿಗೆ ಬಂದ್ರ ಈ ಓಣ್ಯಾಗ ನನ್ನ ಹೆಸರು ಹಿಡದು ಕರಿಯೋರು ಒಬ್ಬರಿಲ್ಲ. ಹೊಲದಾಗ ಕೂಲಿ ಮಾಡಿದೋರ ಮಗಳು ನಾನು. ನಮ್ಮಪ್ಪಗ ದಿನಗೂಲಿ ಒಂದು ಮಾತಾಡಿ, ಸಂಜೀಕ ಇನ್ನೊಂದು ಕೊಡ್ತಿದ್ರು. ಬರೆದದ್ದು ಒಂದು, ತಗೊಳ್ಳೋದು ಒಂದು ಅಂದ್ರ ನನಗ ತಡಿಯಂಗಿಲ್ಲ. ಅದಕ್ಕ ಅರ್ಜಿ ಕೊಟ್ಟೆ." ಚೊಂಬನ್ನು ಕೆಳಗಿಟ್ಟಳು. "ಹೆಚ್ಚಿಗಿ ತಗೋಬ್ಯಾಡ್ರಿ ಅಂದೆ. ಕರೀಬ್ಯಾಡ್ರಿ ಅಂತ ನಾನು ಅಂದಿಲ್ರಿ."

ಸಮಪಾಲು ಅಂತ ಜ್ವರದಲ್ಲಿ ಮಲಗಿದವನ ಮನೆಗೂ ಹೋಗಿ ಕೊಟ್ಟುಬಂದ ಮನುಷ್ಯ, ಒಬ್ಬಳನ್ನು ಪಂಕ್ತಿಯ ಹೊರಗೆ ನಿಲ್ಲಿಸಿ ಇಷ್ಟು ದಿನ ಉಂಡಿದ್ದ. ಅದು ಅವನಿಗೆ ಆ ಅಂಗಳದಲ್ಲಿ ತಿಳಿದದ್ದು ನನಗೆ ಕಂಡಿತು. ಕೆಂಚಣ್ಣ ತಿರುಗಿ ಹೊರಟೇಬಿಟ್ಟ. ಕೊಪ್ಪರಿಗೆಯೂ ಬೇಡವಾಯಿತೇನೋ ಅಂತ ಮುಚ್ಚಳದ ಪಕ್ಕ ನಿಂತ ನನಗೆ ಗಾಬರಿ.

ಐದು ನಿಮಿಷವೂ ಆಗಿರಲಿಕ್ಕಿಲ್ಲ, ವೀರಬಸಮ್ಮನ ದನಿ ಬೀದಿಯಲ್ಲಿ ಕೇಳಿತು. "ನಾ ಹೇಳಿದಾಗ ಕೇಳಿದ್ರ ಈ ಬಿಸಲಾಗ ಎರಡು ಸಲ ತಿರಗೋದು ತಪ್ಪತಿತ್ತು" ಅಂತ ಗಂಡನನ್ನು ಬೈಯುತ್ತ, ಕೈಯಲ್ಲಿ ಕುಂಕುಮದ ಭರಣಿ ಹಿಡಿದು ಬಂದಳು. ಹಿಂದೆ ತಲೆ ತಗ್ಗಿಸಿಕೊಂಡು ಕೆಂಚಣ್ಣ. ವೀರಬಸಮ್ಮ ಹೊಸ್ತಿಲಲ್ಲಿ ನಿಂತು ಪೀರಮ್ಮನ ಹಣೆಗೆ ಕುಂಕುಮ ಇಟ್ಟಳು.

"ಐತಾರ ನಮ್ಮ ಭವಾನಿ ಕುಬಸ. ಬರಬೇಕವ್ವ."

"ಬರ್ತೀನ್ರಿ" ಅಂದಳು ಪೀರಮ್ಮ. ಉಳಿದ ನೀರನ್ನು ಕಟ್ಟೆಯ ಹೆಂಗಸರು ಕೊಡ ತಂದು ಹಂಚಿಕೊಂಡು ಹೋದರು.

ಭಾನುವಾರ ಬೀಗರ ಟೆಂಪೋಗಳು ಬಂದವು. ಭವಾನಿಗೆ ಹಸಿರು ಸೀರೆ ಉಡಿಸಿ ಕೂರಿಸಿದ್ದರು. ಪೀರಮ್ಮ ಡ್ಯೂಟಿ ಬದಲಾಯಿಸಿಕೊಂಡು, ಕುಬಸದ ರವಿಕೆ ಕಣ ತಟ್ಟೆಯಲ್ಲಿಟ್ಟುಕೊಂಡು ಬಂದಳು. ಆಕೆಯನ್ನು ಖಾಕಿಯಲ್ಲದೆ ಸೀರೆಯಲ್ಲಿ ನೋಡಿದ್ದು ನಾನು ಅದೇ ಮೊದಲು. ಆರತಿ ಮುಗಿಸಿ, ಊಟಕ್ಕೆ ಹಾಸಿದ ಚಾಪೆಗಳ ಕಡೆ ಬಂದು, ಎಲ್ಲಿ ಕೂರಲಿ, ಯಾರ ಪಕ್ಕ ಕೂರಲಿ ಅಂತ ನೋಡುತ್ತ ನಿಂತಳು. ಬೀಗರ ಕಡೆಯವರೊಬ್ಬರು ಸರಿದು ಜಾಗ ಮಾಡಿದರು. ಆಕೆ ಸೀರೆಯ ನೆರಿಗೆ ಹಿಡಿದು ಇನ್ನೇನು ಕೂರಬೇಕು, ವೀರಬಸಮ್ಮ ರೆಟ್ಟೆ ಹಿಡಿದು ಎಬ್ಬಿಸಿದಳು.

"ಕುಂದ್ರೋರು ಬೀಗರು. ನೀ ಮನಿಯಾಕಿ. ಹಿಡಿ."

ಕೈಗೆ ಅನ್ನದ ಬಕೆಟ್ಟು ಬಂತು. ಪೀರಮ್ಮನಿಗೆ ಅಳು ಬಂತು. ಎಲ್ಲರ ಮುಂದೆಯೇ ಅತ್ತಳು, ಸೆರಗಿನಿಂದ ಒರೆಸಿಕೊಂಡಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಡಿಸಲು ಶುರುಮಾಡಿದಳು. ನನ್ನ ಕಣ್ಣೂ ಒದ್ದೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಬೀಗರು ಉಂಡು ಎದ್ದ ಮೇಲೆ ಎರಡನೆಯ ಪಂಕ್ತಿಗೆ ನಾನು, ಮರಿಬಸಪ್ಪ, ಕೆಂಚಣ್ಣ ಕೂತೆವು. ಅನ್ನ ಬಡಿಸುತ್ತ ಪೀರಮ್ಮ ನಮ್ಮ ಸಾಲಿಗೆ ಬಂದಳು.

"ಕೆಂಚಣ್ಣ, ಅನ್ನ?"

ಕೆಂಚಣ್ಣ ತಲೆ ಎತ್ತಿ ಆಕೆಯ ಮುಖ ನೋಡಿದ. ಕಂಡಕ್ಟರಮ್ಮ ಅನ್ನಲಿಲ್ಲ.

"ಹಾಕು ಪೀರಮ್ಮ" ಅಂದ, ಎರಡು ಓಣಿ ಆಚೆಗೆ ಕೇಳುವ ಹಾಗೆ.